ತಡವಾಗಿ ಕೂಗಿದ ಕಾರು

ವಡಗಾವಿಯ ತನ್ನ ಗ್ಯಾರೇಜಿನಲ್ಲಿ ಕೂತು ಮುತ್ತಪ್ಪ ಒಂದು ಸಲ ಸೀನಿದರೆ ಸಾಕು, ಅಲ್ಲಿಂದ ಖಾನಾಪುರದವರೆಗೆ ರಸ್ತೆಯ ಮೇಲಿರುವ ಅಷ್ಟೂ ಕಾರುಗಳು ತಾವೇ ಬ್ರೇಕು ಹಾಕಿ ನಿಂತು, ‘ಯಾಕ್ರೀ ಮುತ್ತಪ್ಪಣ್ಣ, ನೆಗಡಿ ಏನ್ರೀ?’ ಎಂದು ವಿಚಾರಿಸಿ, ಆಮೇಲೆ ಮುಂದೆ ಹೋಗುತ್ತವೆ.

ಇದನ್ನು ಬೇರೆ ಯಾರೋ ಹೇಳಿದ್ದಲ್ಲ. ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ, ಉದ್ಯಮಬಾಗದ ಮುರುಕು ಗಾಡಿಗಳ ಅಂಗಳದಲ್ಲಿ, ಅಲ್ಲಿನ ಕಾವಲುಗಾರನ ಮುಂದೆ ಮುತ್ತಪ್ಪನೇ ಎದೆ ತಟ್ಟಿಕೊಂಡು ಹೇಳುತ್ತಿದ್ದ.

“ಒಮ್ಮೆ ತಪ್ಪಿ ಎರಡ ಸಲ ಸೀನಿಬಿಟ್ಟೆ ನೋಡ್ರಿ. ಗೋವಾಕ್ಕ ಹೊಂಟ ಬಸ್ಸು ರಿವರ್ಸ್ ಬಂತು!”

ಕಾವಲುಗಾರ ಹೊಟ್ಟೆ ಹಿಡಿದುಕೊಂಡು ನಕ್ಕ. ಮೇಘಾ ನಗಲಿಲ್ಲ. ಅವಳು ಒಂದು ಹಳೆಯ ಟಯರಿನ ಮೇಲೆ ಕೂತು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಎದುರಿಗಿದ್ದ ಬಿಳಿ ಕಾರಿನ ಹೊಟ್ಟೆಯಿಂದ ಎಳೆದ ವೈರಿನ ಮೂಲಕ ಅದರ ಕೊನೆಯ ನಿಮಿಷಗಳನ್ನು ಓದುತ್ತಿದ್ದಳು. ಕಾರಿಗೆ ಮುಖ ಎಂಬುದು ಉಳಿದಿರಲಿಲ್ಲ.

ಪಾರೀಸಣ್ಣ ಈ ಕಾರಿನಲ್ಲಿ ಸತ್ತು ಇಂದಿಗೆ ನಲವತ್ತೊಂದು ದಿನ. ಖಾಸಬಾಗದ ಅಂಗಡಿ ಮುಚ್ಚಿ ಖಾನಾಪುರದ ಮನೆಗೆ ಹೊರಟಿದ್ದ ಮನುಷ್ಯ, ಗಣೇಬೈಲಿನ ಹತ್ತಿರ ಪಂಕ್ಚರಾಗಿ ನಿಂತಿದ್ದ ಕಬ್ಬಿನ ಟ್ರಾಲಿಗೆ ಹಿಂದಿನಿಂದ ಗುದ್ದಿದ್ದ. ಅದೂ ಎಂಥ ಕಾರಿನಲ್ಲಿ? ಮುಂದೆ ಏನಾದರೂ ಅಡ್ಡ ಬಂದರೆ ತಾನೇ ನೋಡಿ, ತಾನೇ ಅಳೆದು, ‘ಕುಂಯ್ ಕುಂಯ್’ ಎಂದು ಕೂಗಿ ಎಚ್ಚರಿಸುವ ಕಾರಿನಲ್ಲಿ.

ಮೇಘಾ ಮಹಾಂತೇಶ ನಗರದವಳು. ಹತ್ತು ವರ್ಷ ವಿಮಾ ಕಂಪನಿಗಾಗಿ ಅಪಘಾತಗಳ ತಪಾಸಣೆ ಮಾಡಿ, ಮೂರು ವರ್ಷದ ಹಿಂದೆ ಸ್ವಂತವಾಗಿ ಪತ್ತೇದಾರಿಕೆಗೆ ಇಳಿದಿದ್ದಳು. ಗಾಡಿಗಳ ವಿಷಯದಲ್ಲಿ ಮುತ್ತಪ್ಪ ಅವಳ ಬಲಗೈ. ಅವನನ್ನು ಕೇಳಿದರೆ ಎರಡೂ ಕೈ, ಒಂದು ಕಾಲು, ಅರ್ಧ ತಲೆ.

ಈ ಪ್ರಕರಣವನ್ನು ಅವಳಿಗೆ ಒಪ್ಪಿಸಿದ್ದು ಪಾರೀಸಣ್ಣನ ಹೆಂಡತಿ ತಾರಾಬಾಯಿ. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಜೈನರ ಮನೆ ಅದು. ಅಂದು ಸಂಜೆ ಅಡುಗೆ ಇಳಿಸಿ, ದಾರಿಯಲ್ಲಿದ್ದ ಗಂಡನಿಗೆ ಫೋನು ಮಾಡಿ, ‘ಹೊತ್ತ ಮುಳಗಾಕ ಬಂತು, ಲಗೂ ಬರ್ರಿ’ ಅಂದಿದ್ದಳು. ಗಂಡ ಬರಲಿಲ್ಲ. ಅಂದಿನಿಂದ ಆಕೆ ಫೋನು ಮುಟ್ಟಿಲ್ಲ, ಮಧ್ಯಾಹ್ನದ ಮೇಲೆ ಒಂದು ತುತ್ತು ಬಾಯಿಗಿಟ್ಟಿಲ್ಲ. ಮೇಘಾಳ ಕೈ ಹಿಡಿದು ಕೇಳಿದ್ದು ಒಂದೇ ಮಾತು: “ನಾನ ಕೊಂದ್ನ್ಯಾ, ಇಲ್ಲಾ? ಖರೇ ಹೇಳ್ರಿ. ಅಷ್ಟ ಗೊತ್ತಾದ್ರ ಸಾಕು.”

“ಮುತ್ತಣ್ಣಾ, ಬಾ ಇಲ್ಲೆ.”

ಮುತ್ತಪ್ಪ ಹೋಗಿ ಬಗ್ಗಿದ.

“ತಾರಾಬಾಯಿ ವೈನಿಯವರ ಫೋನ್ ಮುಗದದ್ದು ಐದು ಐವತ್ತೆರಡಕ್ಕ. ಗುದ್ದಿದ್ದು ಆರು ಒಂದಕ್ಕ. ನಡುವ ಒಂಬತ್ತು ನಿಮಿಷ. ಸ್ಪೀಡ್ ನೋಡು. ಫೋನ್ ಬರೂಕಿಂತ ಮೊದಲೂ ಅರವತ್ತೆರಡು, ಆಮ್ಯಾಲೂ ಅರವತ್ತೆರಡು.”

“ಅಂದ್ರ ಅವಸರ ಮಾಡಿಲ್ಲ!” ಮುತ್ತಪ್ಪ ಒಂದು ಆಳೆತ್ತರ ಜಿಗಿದ. “ನಾ ಹೇಳಿದ್ನಿಲ್ಲ! ಮೊದಲನೇ ದಿನಾನ ಹೇಳಿದ್ದೆ. ಆ ಗಾಡಿ ವಾಸನಿ ನೋಡಿದ ಕೂಡಲೇ ನನಗ ಗೊತ್ತಾಗಿತ್ತು. ನಡಿ, ಈಗಿಂದೀಗ ಖಾನಾಪುರಕ್ಕ ಹೋಗಿ ವೈನಿಗೆ ಹೇಳೂಣು.”

“ನಿಂದರು. ಕಾರು ಕೂಗಿದ್ದು ಗುದ್ದೂದಕ್ಕಿಂತ ಬರೇ ಒಂದ ಸೆಕೆಂಡ್ ಮೊದಲ. ಟ್ರಾಲಿ ಇಪ್ಪತ್ತು ಮೀಟರ್ ಇದ್ದಾಗ.”

“ಅಷ್ಟ ಹತ್ತರ ಬಂದ ಮ್ಯಾಲೆ?”

“ಹೂಂ. ಕೂಗಿದ ಅರ್ಧ ಸೆಕೆಂಡಿಗೆ ಪಾರೀಸಣ್ಣ ಪೂರಾ ಬ್ರೇಕ್ ತುಳದಾರ. ನಿದ್ದಿಯಾಗ ಇರಲಿಲ್ಲ, ಫೋನ್ ನೋಡತಿರಲಿಲ್ಲ. ಚಳಿಗಾಲದ ಸಂಜಿ, ಆ ರಸ್ತಾದಾಗ ಸೂರ್ಯ ನೆಟ್ಟಗ ಕಣ್ಣಾಗ ಇರತಾನ. ಅವರಿಗೆ ಕಾಣಲಿಲ್ಲ. ಕಾರಿಗೆ ಕಂಡಿತ್ತು.” ಮೇಘಾ ಪರದೆಯ ಮೇಲೆ ಬೆರಳಿಟ್ಟಳು. “ನಾಲ್ಕು ಸೆಕೆಂಡ್ ಮೊದಲ ‘ಮುಂದ ಗಾಡಿ ಐತಿ’ ಅಂತ ಬರಕೊಂಡೈತಿ. ಆದ್ರ ದೂರ ತಪ್ಪ ಎಣಿಸೈತಿ. ಇಪ್ಪತ್ತು ಮೀಟರ್ ಇದ್ದದ್ದನ್ನ ನಲವತ್ತೈದು ಅಂದೈತಿ. ಖರೇನ ನಲವತ್ತೈದು ಇದ್ದಾಗ ಕೂಗಿದ್ದರ, ಅವರು ತುಳದ ಬ್ರೇಕಿಗೆ ಕಾರು ಟ್ರಾಲಿಗಿಂತ ಮೊದಲ ನಿಲ್ಲತಿತ್ತು. ಇವತ್ತ ಮನ್ಯಾಗ ಕುಂತು ಚಾ ಕುಡಿತಿದ್ರು.”

ಮುತ್ತಪ್ಪ ಪರದೆಯಿಂದ ಹಿಂದೆ ಸರಿದ.

ಕಾರಿನ ಕಣ್ಣು ಎಂದರೆ ಮುಂದಿನ ಗಾಜಿನ ಹಿಂದೆ, ಕನ್ನಡಿಯ ಬಾಜೂಕ್ಕೆ ಕೂತಿರುವ ಗೋಲಿಯಷ್ಟು ಕ್ಯಾಮೆರಾ. ಗಾಜು ಬದಲಿಸಿದಾಗಲೆಲ್ಲ ಆ ಕಣ್ಣಿಗೆ ಹೊಸದಾಗಿ ಅಳತೆ ಕಲಿಸಬೇಕು. ಸಮನೆಲದ ಮೇಲೆ, ಗೊತ್ತಾದ ದೂರದಲ್ಲಿ, ಕಂಪನಿಯವರು ಕೊಟ್ಟ ಕಪ್ಪು-ಬಿಳಿ ಚೌಕಡಿಯ ಹಲಗೆ ನಿಲ್ಲಿಸಿ, ‘ನೋಡು, ಇಷ್ಟು ದೊಡ್ಡದಾಗಿ ಕಂಡರೆ ಇಷ್ಟು ದೂರ’ ಎಂದು ಮಗುವಿಗೆ ಮಗ್ಗಿ ಹೇಳಿಕೊಟ್ಟಂತೆ ಹೇಳಿಕೊಡಬೇಕು. ದೀಪಾವಳಿಯ ಮುಂಚೆ ಕಲ್ಲು ಸಿಡಿದು ಪಾರೀಸಣ್ಣನ ಗಾಜು ಬಿರಿದಿತ್ತು. ಹೊಸ ಗಾಜು ಕೂರಿಸಿ, ಕಣ್ಣಿಗೆ ಅಳತೆ ಕಲಿಸಿದ್ದು ಯಾರು ಎಂಬುದು ಬೆಳಗಾವಿಗೆಲ್ಲ ಗೊತ್ತು. ಕಲಿಸಿದವನೇ ಊರೆಲ್ಲ ಸಾರಿದ್ದ.

“ಅಳತಿ ನೀನ ಕಲಿಸಿದ್ದಿ ಅಲ್ಲಾ?”

“ನಾನ! ಕಂಪನಿ ಹಲಗಿ ಇಟ್ಟು, ಕೂದಲೆಳಿ ಅಳತಿ ಹಿಡದು. ಜಪಾನಿನವರು ಬಂದು ನೋಡಿದ್ರ ಕಾಲ ಮುಟ್ಟಿ ಹೋಗತಿದ್ರು.”

“ಅಳತಿ ಕಲಿತಾಗ ಕಾರು ಆ ಹಲಗಿದೊಂದು ಫೋಟೋ ತನ್ನ ಹತ್ತರ ಇಟಗೋತೈತಿ. ಗೊತ್ತಿತ್ತೇನು?”

ಗೊತ್ತಿರಲಿಲ್ಲ. ನಾಲ್ಕು ವೇದ, ಹದಿನೆಂಟು ಪುರಾಣ ಮತ್ತು ಎಲ್ಲ ಕಂಪನಿಗಳ ಗಾಡಿಗಳನ್ನೂ ಅರೆದು ಕುಡಿದಿದ್ದ ಮುತ್ತಪ್ಪನಿಗೆ ಇದೊಂದು ಗೊತ್ತಿರಲಿಲ್ಲ.

ಮೇಘಾ ಚಿತ್ರ ತೆರೆದಳು. ಬಣ್ಣವಿಲ್ಲದ, ಕಾಳುಕಾಳಾದ ಚಿತ್ರ. ತುಂಬ ಚೌಕಡಿಗಳು. ಎಡಗಡೆಯವು ಚೊಕ್ಕಟವಾಗಿದ್ದವು. ಬಲಕ್ಕೆ ಹೋದಂತೆ ಅವು ಸ್ವಲ್ಪ ಉದ್ದವಾಗಿ, ಎಳೆದಂತೆ ಕಾಣುತ್ತಿದ್ದವು. ತೀರ ಕೆಳಗೆ ಒಂದು ಅಗಲವಾದ ದಡಿ. ದಡಿಯಲ್ಲಿ ಗೋಪುರದಂಥ ಸಣ್ಣ ಸಣ್ಣ ಮೊನೆಗಳು.

“ಕಂಪನಿ ಹಲಗಿಗೆ ದಡಿ ಇರತೈತೇನು ಮುತ್ತಣ್ಣಾ?”

“ಅದು... ಹೊಸಾ ಮಾಡೆಲ್ ಹಲಗಿ. ಕರ್ನಾಟಕ ಸ್ಪೆಶಲ್.”

ಕಾವಲುಗಾರ ಮತ್ತೆ ನಕ್ಕ. ಮುತ್ತಪ್ಪ ನಗಲು ಬಾಯಿ ತೆರೆದ, ನಗು ಬರಲಿಲ್ಲ. ಆ ದಡಿ ಅವನಿಗೆ ಗೊತ್ತಿತ್ತು. ವಡಗಾವಿಯ ಭರಮವ್ವ ಕೈಮಗ್ಗದ ಮೇಲೆ ನೇಯ್ದ ಸೀರೆ ಅದು. ಮತ್ತು ಚಿತ್ರದ ಮೇಲಿನ ಮೂಲೆಯಲ್ಲಿ, ಸೀರೆಯ ಚುಂಗನ್ನು ಹಿಡಿದ ಒಂದು ಹೆಬ್ಬೆರಳು ಕಾಣುತ್ತಿತ್ತು. ಮೇಘಾಳ ಕಣ್ಣು ಅಲ್ಲಿಗೆ ಹೋಯಿತೋ ಇಲ್ಲವೋ ತಿಳಿಯಲಿಲ್ಲ. ಮುತ್ತಪ್ಪನ ಕಣ್ಣು ಅಲ್ಲಿಂದ ಬರಲಿಲ್ಲ.

*

“ಇದು ಹಲಗಿ ಅಲ್ಲ, ಬಟ್ಟಿ. ಬಟ್ಟಿ ಅಂದ ಮ್ಯಾಲೆ ವಡಗಾವಿಗೆ ಹೋಗೂಣು,” ಅಂದಳು ಮೇಘಾ.

“ವಡಗಾವ್ಯಾಗ ಹತ್ತ ಸಾವಿರ ಮಗ್ಗ ಅದಾವ. ಪ್ರತಿಯೊಂದನ್ನೂ ಕೇಳಾಕ ನಮ್ಮ ಮೊಮ್ಮಕ್ಕಳಿಗೂ ಆಗೂದಿಲ್ಲ.”

“ಚೌಕಡಿ ಹಿಂಗ ಹೆಚ್ಚುಕಡಿಮಿ ಆಗೂದು ಕೈಮಗ್ಗದಾಗ ಅಷ್ಟ. ಕೈಮಗ್ಗ ಈಗ ಎಷ್ಟ ಮಂದಿದು ಉಳದಾವು? ನಿನ್ನ ಗ್ಯಾರೇಜಿನ ಓಣ್ಯಾಗ ಒಂದ ಐತಿ ಅಲ್ಲಾ?”

ಆ ಓಣಿಯಲ್ಲಿ ಎರಡೂ ಕಡೆ ಪವರ್‌ಲೂಮುಗಳ ಖಟಾಖಟ್ ಸದ್ದು. ಪಕ್ಕದವರು ‘ನೀರು’ ಎಂದರೆ ‘ಬೆಂಕಿ’ ಎಂದು ಕೇಳಿಸುವಷ್ಟು. ಆ ಸದ್ದಿನ ನಡುವೆ, ಭರಮವ್ವನ ಮನೆಯೊಳಗೆ ತೋಡಿದ ತಗ್ಗಿನಲ್ಲಿ, ಒಂದು ಕೈಮಗ್ಗ ಮಾತ್ರ ಮುದುಕಿಯಂತೆ ನಿಧಾನವಾಗಿ ಕೆಮ್ಮುತ್ತಿತ್ತು.

“ಏನ್ ಮುತ್ತ್ಯಾ, ಇನ್ನೂ ಜೀವಂತ ಅದೀ? ನಿನ್ನೆ ಚಂದ್ರನ ಮ್ಯಾಲಿನ ಗಾಡಿ ರಿಪೇರಿಗೆ ಹೋಗೂವಾಂವ ಇದ್ದಿಯಲ್ಲೋ.”

“ಮೋಡ ಇತ್ತವಾ. ಹೋಗಲಿಲ್ಲ.” ದನಿಯಲ್ಲಿ ಜೀವ ಇರಲಿಲ್ಲ. ಭರಮವ್ವ ಲಾಳಿ ನಿಲ್ಲಿಸಿ ಅವನ ಮುಖ ನೋಡಿದಳು.

ಮೇಘಾ ಲ್ಯಾಪ್‌ಟಾಪ್ ಹಿಡಿದಳು. “ಈ ಸೀರಿ ನಿಂದೇನು ನೋಡವಾ.”

ಭರಮವ್ವ ಪರದೆ ನೋಡಿದ್ದು ಒಂದೇ ಗಳಿಗೆ. ಮತ್ತೆ ಮುತ್ತಪ್ಪನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ.

“ನಂದಲ್ಲ ಬಿಡು.”

“ಮತ್ತ ಯಾರದಿರಬಹುದು?”

“ಯಾರದರ ಇದ್ದೀತು. ಊರ ತುಂಬ ಚೌಕಡಿ ಸೀರಿ ಅದಾವ.”

ಮೇಘಾ ತಲೆಯಾಡಿಸಿ ಲ್ಯಾಪ್‌ಟಾಪ್ ಮುಚ್ಚಿದಳು. ಹೊರಡುವವಳಂತೆ ಎದ್ದು, ಮಗ್ಗದ ಮೇಲಿನ ಅರ್ಧ ನೇಯ್ದ ಸೀರೆಯ ಮೇಲೆ ಅಂಗೈ ಆಡಿಸಿದಳು. “ಎಷ್ಟ ಚಂದ ನೇಯ್ದೀಯವಾ. ಚೌಕಡಿ ಎಲ್ಲಾ ಒಂದ ಅಳತಿ ಇರತಾವೇನು?”

ಕಸುಬಿನ ಮಾತು ಬಂದರೆ ಯಾರ ಬಾಯಿಯೂ ನಿಲ್ಲುವುದಿಲ್ಲ.

“ಕೈ ಕೆಲಸದಾಗ ಎಲ್ಲೆ ಬರಬೇಕವಾ ಅದು? ಮುಂಜಾನಿ ಬಡದದ್ದು ಬಿಗಿ, ಮಧ್ಯಾಹ್ನದ್ದು ಸಡಲ. ಮನಸ್ಸು ನೆಟ್ಟಗ ಇದ್ರ ಚೌಕಡೀನೂ ನೆಟ್ಟಗ. ನನ್ನ ಮಗಳು ತೀರಕೊಂಡ ವಾರ ಒಂದ ಸೀರಿ ಮಗ್ಗದ ಮ್ಯಾಲಿತ್ತು. ಅರ್ಧಾ ನೇಯ್ದಿದ್ದೆ. ಉಳದರ್ಧಾ ಆಕಿನ್ನ ಮಣ್ಣ ಮಾಡಿ ಬಂದ ಮ್ಯಾಲೆ ನೇಯ್ದೆ. ಕೈಯಾಗ ಶಕ್ತಿ ಇರಲಿಲ್ಲ, ಎಳಿ ಬಿಗಿಯೂ ಹಣಗಿ ಬಡಿಯಾಕ ಆಗತಿರಲಿಲ್ಲ. ಅಲ್ಲಿಂದ ಮುಂದ ಎಲ್ಲಾ ಚೌಕಡಿ ಉದ್ದ ಉದ್ದ ಬಂದಾವ. ಮಾರಾಕ ಬರಲಿಲ್ಲ. ಮನ್ಯಾಗ ಇಟಗೊಂಡು ದಿನಾ ನೋಡಾಕೂ ಆಗಲಿಲ್ಲ, ಗಾಡಿ ಮ್ಯಾಲೆ ಹಾಸಾಕ ಅಂತ ಕೊಟ್ಟಬಿಟ್ಟೆ...”

ಮಾತು ಅಲ್ಲಿಗೇ ನಿಂತಿತು. ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡಳು.

ಯಾರಿಗೆ ಕೊಟ್ಟೆ ಎಂದು ಮೇಘಾ ಕೇಳಲಿಲ್ಲ. ಭರಮವ್ವನ ಕೈಯನ್ನು ಒಂದು ಸಲ ಅದುಮಿ ಹೊರಗೆ ಬಂದಳು.

ಮಧ್ಯಾಹ್ನ ಇಳಿದ ಮೇಲೆ ಖಾನಾಪುರಕ್ಕೆ ಹೊರಟ ಮೇಘಾಳ ಕಾರು ಪೀರನವಾಡಿ ದಾಟಿತು, ಮಚ್ಛೆ ದಾಟಿತು. ಮುತ್ತಪ್ಪನ ಬಾಯಿ ಇಷ್ಟು ಹೊತ್ತು ಮುಚ್ಚಿದ್ದು ಅವನು ಹುಟ್ಟಿದ ಮೇಲೆ ಇದೇ ಮೊದಲು. ಹುಟ್ಟಿದಾಗಲೂ ಸೂಲಗಿತ್ತಿಗೆ ಎರಡು ಸಲಹೆ ಕೊಟ್ಟೇ ಅತ್ತಿದ್ದನಂತೆ.

“ಮುದುಕಿ ನಂದಲ್ಲ ಅಂದಳು, ನೋಡಿದಿ?” ಅಂದಳು ಮೇಘಾ, ರಸ್ತೆಯ ಮೇಲಿನ ಕಣ್ಣು ತೆಗೆಯದೆ.

“ಹೂಂ.”

“ಚಾಳೀಸು ಕೊಳ್ಳಾಗ ಜೋತಾಡತಿತ್ತು. ಕಣ್ಣಿಗೆ ಏರಿಸಲೇ ಇಲ್ಲ.”

ಗಣೇಬೈಲಿನ ಹತ್ತಿರ ರಸ್ತೆಯಂಚಿನಲ್ಲಿ ಒಂದು ಟ್ರ್ಯಾಕ್ಟರ್ ನಿಂತಿತ್ತು. ಹಿಂದಿನ ಟ್ರಾಲಿಗೆ ಮದುವೆ ಮಂಟಪಕ್ಕೆ ಹಚ್ಚುವಷ್ಟು ಕೆಂಪು ಪಟ್ಟಿ, ಕೆಂಪು ದೀಪ. ಈರಣ್ಣ ಕೆಳಗಿಳಿದು ನಿಂತಿದ್ದ. ಅಂದು ಪಂಕ್ಚರಾಗಿ ನಿಂತದ್ದು ಅವನದೇ ಟ್ರಾಲಿ. ಜಾಮೀನಿನ ಮೇಲೆ ಬಂದಾಗಿನಿಂದ, ಕಾರ್ಖಾನೆಗೆ ಹೋಗುವಾಗ ಬರುವಾಗ ಇಲ್ಲಿ ನಿಲ್ಲದೆ ಮುಂದೆ ಹೋಗಿಲ್ಲ.

“ನಂದ ತಪ್ಪ್ರೀ ಮೇಡಮ್,” ಅಂದ, ಇವರು ಏನೂ ಕೇಳುವ ಮೊದಲೇ. “ಹಿಂದ ದೀಪ ಇರಲಿಲ್ಲ. ಗುರುತಿಗಂತ ತಪ್ಪಲದ್ದೊಂದು ಟೊಂಗಿ ಸಿಗಿಸಿದ್ದೆ. ಕೋರ್ಟಿನಾಗೂ ಹಂಗ ಹೇಳ್ತೀನಿ. ನಾನ ಕೊಂದೀನಿ.”

“ಕಾರಿಗೆ ನಿನ್ನ ಟ್ರಾಲಿ ಕಂಡಿತ್ತೋ ಈರಣ್ಣಾ.”

“ಮನಶ್ಯಾಗ ಕಂಡಿಲ್ಲಲ್ರಿ.”

ಅವನ ಮುಂದೆ ನಿಲ್ಲಲಾರದೆ ಮುತ್ತಪ್ಪ ಹೋಗಿ ಕಾರಿನಲ್ಲಿ ಕೂತ. ಡಾಂಬರಿನ ಮೇಲೆ ಬ್ರೇಕಿನ ಎರಡು ಗೆರೆಗಳು ಇನ್ನೂ ಅಳಿಸಿರಲಿಲ್ಲ. ಹನ್ನೊಂದು ಮೀಟರು. ಅವನ ಕಣ್ಣಿಗೆ ಅವು ಖಾನಾಪುರದ ಮನೆಯ ಬಾಗಿಲವರೆಗೂ ಹೋದಂತೆ ಕಂಡವು.

*

ತಾರಾಬಾಯಿ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ನಲವತ್ತೊಂದು ದಿನಗಳಲ್ಲಿ ಆಕೆ ಅರ್ಧಕ್ಕರ್ಧ ಕರಗಿದ್ದಳು. ಗೋಡೆಯ ಗೂಡಿನಲ್ಲಿ ಒಂದು ಬಿಳಿ ವಸ್ತ್ರದ ಕೆಳಗೆ ಫೋನು. ಸೊಸೆ ದಿನವೂ ಚಾರ್ಜು ಮಾಡಿ ಇಡುತ್ತಾಳೆ, ಅತ್ತೆ ಮುಟ್ಟುವುದಿಲ್ಲ.

“ಬರ್ರಿ, ಕುಂದರ್ರಿ. ಮುತ್ತಪ್ಪಾ, ಯಾಕೋ ಮಾರಿ ಹಂಗ ಮಾಡೀದಿ?”

“ಏನಿಲ್ರಿ ವೈನಿ. ಬಿಸಲಾ.”

ಮೇಘಾ ಹೇಳಿದಳು. ಫೋನು ಮುಗಿದ ಹೊತ್ತು, ಒಂಬತ್ತು ನಿಮಿಷ, ಏರದ ವೇಗ, ಅರ್ಧ ಸೆಕೆಂಡಿನಲ್ಲಿ ತುಳಿದ ಬ್ರೇಕು. ತಾರಾಬಾಯಿ ಎಲ್ಲವನ್ನೂ ಕೇಳಿ, ತಲೆ ಅಲ್ಲಾಡಿಸಿದಳು.

“ಸಮಾಧಾನಕ್ಕ ಹೇಳಬ್ಯಾಡವಾ. ನನ್ನ ಮಗಾ ಜಿನೇಶನೂ ಇದನ್ನ ಹೇಳತಾನ. ನನ್ನ ಮಾತ ಅವರ ತಲ್ಯಾಗ ಕುಂತಿತ್ತು. ಅದಕ್ಕ ಕಾಣಲಿಲ್ಲ.”

“ಕಾರಿಗೆ ಕಂಡಿತ್ತ್ರಿ. ತಡಾ ಮಾಡಿ ಕೂಗ್ತು.”

“ಯಾಕ ತಡಾ ಮಾಡ್ತು? ಅದನ್ನ ಹೇಳು. ಅದನ್ನ ಹೇಳದ ಹೋದ್ರ ಉಳದದ್ದೆಲ್ಲಾ ನಾ ಹೆಂಗ ನಂಬಲಿ?”

ಮೇಘಾ ಮುತ್ತಪ್ಪನ ಕಡೆ ತಿರುಗಿದಳು. “ನೀ ಹೇಳತಿಯೋ, ನಾ ಹೇಳ್ಲೋ?”

“ನಾನ ಹೇಳತೀನಿ,” ಅಂದ ಮುತ್ತಪ್ಪ. ಬಾಯಿಗೆ ನಾಲ್ಕು ದಶಕಗಳ ರೂಢಿ. “ವೈನಿ, ಆಕಾಶದಾಗ ಉಪಗ್ರಹ ಇರತಾವ. ಆವತ್ತ ಸಂಜಿ ಅವುಗಳದ ಏನೋ ಗೊಂದಲ ಆಗಿ, ಇಡೀ ಏಶ್ಯಾ ಖಂಡದ ಗಾಡಿಗಳೆಲ್ಲಾ...”

“ಮುತ್ತಣ್ಣಾ.”

ಮೇಘಾಳ ದನಿ ಏರಿರಲಿಲ್ಲ.

“ಹದಿಮೂರು ವರ್ಷದಾಗ ಇಂಥಾ ಕೇಸು ನಾ ನೋಡಿಲ್ಲ. ಈರಣ್ಣ ಅಂತಾನ, ನಾನ ಕೊಂದೀನಿ. ವೈನಿ ಅಂತಾರ, ನಾನ ಕೊಂದೀನಿ. ಕೇಳಿದವರೆಲ್ಲಾ ತಪ್ಪು ತಮ್ಮ ಮ್ಯಾಲೆ ಎಳಕೊಳ್ಳಾಕತ್ತಾರ. ‘ನಂದೇನೂ ತಪ್ಪಿಲ್ಲ, ಕೂದಲೆಳಿ ಅಳತಿ ಮಾಡೀನಿ’ ಅಂದಾಂವ ನೀ ಒಬ್ಬನ.”

ಲ್ಯಾಪ್‌ಟಾಪ್ ತೆರೆದು, ಚಿತ್ರದ ಮೇಲಿನ ಮೂಲೆಯನ್ನು ದೊಡ್ಡದು ಮಾಡಿ, ತಾರಾಬಾಯಿಯ ಮುಂದೆ ಇಟ್ಟಳು. ಆಗ ತಿಳಿಯಿತು: ಬೆಳಿಗ್ಗೆಯೇ ಅವಳ ಕಣ್ಣು ಅಲ್ಲಿಗೆ ಹೋಗಿತ್ತು. ದಿನವಿಡೀ ಅವನಾಗಿ ಬಾಯಿ ಬಿಡಲಿ ಎಂದು ಕಾದಿದ್ದಳು.

“ವೈನಿ, ಈ ಬೆರಳ ಯಾರದು?”

ಹೆಬ್ಬೆರಳಿನ ಉಗುರು ಅರ್ಧ ಕಪ್ಪಾಗಿತ್ತು.

ತಾರಾಬಾಯಿ ಮೆಲ್ಲಗೆ, ನಿದ್ದೆಯಲ್ಲಿದ್ದ ಮನುಷ್ಯ ಎಚ್ಚರವಾಗಬಾರದು ಎಂಬಂತೆ, ಆ ಉಗುರಿನ ಮೇಲೆ ತನ್ನ ಬೆರಳಿಟ್ಟಳು. “ಅಂಗಡಿ ಶಟರಿನಾಗ ಸಿಕ್ಕಿತ್ತು. ಗಾಜ ಹಾಕಿಸಿದ ವಾರನ. ನಾನ ಅರಿಷಿಣ ಹಚ್ಚಿದ್ದೆ... ಇವರು ಅಲ್ಲೆ ಏನ್ ಮಾಡತಿದ್ರು?”

ಮುತ್ತಪ್ಪ ನೆಲಕ್ಕೆ ಕುಸಿದು ಕೂತ.

“ಹಲಗಿ ನನ್ನ ಹತ್ತರ ಇಲ್ರಿ ವೈನಿ. ಎಂದೂ ಇರಲಿಲ್ಲ.”

ಪಕ್ಕದ ಮನೆಯ ಟಿವಿಯಲ್ಲಿ ಯಾರೋ ಮರಾಠಿಯಲ್ಲಿ ಅಳುತ್ತಿದ್ದರು.

“ಕಂಪನಿಯವರು ಹನ್ನೆರಡ ದಿನಾ ತಡೀರಿ ಅಂದಿದ್ರು. ‘ಹನ್ನೆರಡ ದಿನಾ ಯಾಕ್ರಿ ಅಣ್ಣಾರ, ಹನ್ನೆರಡ ನಿಮಿಷದಾಗ ಮಾಡ್ತೀನಿ, ಹಲಗಿ ನನ್ನ ಹತ್ತರ ಐತಿ’ ಅಂದೆ. ಅಣ್ಣಾರು ಗಾಡಿ ತಂದ ನಿಲ್ಲಿಸೇಬಿಟ್ರು. ಇಲ್ಲಂತ ಹೆಂಗ ಹೇಳ್ಲಿ? ಭರಮವ್ವ ಕೊಟ್ಟ ಸೀರಿ ಬಾನೆಟ್ ಮ್ಯಾಲೆ ಹಾಸಿತ್ತು. ಅದರ ಚೌಕಡಿ ಕಂಡವು. ಮಷೀನಿಗೆ ಚೌಕಡಿ ಬೇಕಲ್ಲಾ, ಚೌಕಡಿ ತೋರಸೂಣು ಅಂದೆ. ನಮ್ಮ ಓಣಿ ಇಳಿಜಾರ, ಜಗಾ ಸಾಲದು, ನೆಟ್ಟಗ ಅಳೀಲಿಲ್ಲ. ಹತ್ತ ಸಲ ಮಷೀನ್ ಒಲ್ಲೆ ಅಂತು. ಹನ್ನೊಂದನೇ ಸಲಕ್ಕ ಹಸರ ದೀಪ ಬಂತು. ಹಸರ ಬಂತಲ್ಲಾ, ಪಾಸ್ ಆತು ಅಂತ ಕುಣದೆ. ಖರೇ ಅಂದ್ರ ನನಗ ಆ ಕೆಲಸ ಬರೂದ ಇಲ್ಲ ವೈನಿ. ಯಾರೂ ಕಲಿಸಿಲ್ಲ.”

“ಅವರು?”

“ಸೀರಿದ ಒಂದ ತುದಿ ನಾ ಗ್ವಾಡಿ ಮೊಳಿಗೆ ಕಟ್ಟಿದ್ದೆ. ಇನ್ನೊಂದು ತುದಿ ಅಣ್ಣಾರು ಹಿಡದಿದ್ರು.”

ತಾರಾಬಾಯಿ ಬೈಯುತ್ತಾಳೆ, ಹೊಡೆಯುತ್ತಾಳೆ, ಹೊಸ್ತಿಲು ದಾಟಿಸುತ್ತಾಳೆ ಎಂದು ಮುತ್ತಪ್ಪ ಕಾದ. ಆಕೆ ಕೇಳಿದ್ದು ಬೇರೆ.

“ನಗತಿದ್ರೇನೋ?”

“ಆಂ?”

“ಸೀರಿ ಹಿಡಕೊಂಡು ನಿಂತಾಗ. ನಗತಿದ್ರೇನು?”

“ಬಿದ್ದ ಬಿದ್ದ ನಗತಿದ್ರು ವೈನಿ. ‘ತಾರಾಗ ಹೇಳಬ್ಯಾಡೋ, ಕಾರಿಗೆ ಸೀರಿ ತೋರಿಸಿದ್ವಿ, ತನಗ ತರಲಿಲ್ಲ ಅಂತ ಜಗಳಾ ತಗೀತಾಳ’ ಅಂದ್ರು.” ಮುತ್ತಪ್ಪ ಆಕೆಯ ಪಾದದ ಕಡೆ ಬಗ್ಗಿದ. “ಇದರಾಗ ಒಂದ ಅಕ್ಷರಾ ನಾ ಕೂಡಿಸಿಲ್ಲ. ನಿಮ್ಮ ಪಾದದಾಣಿ.”

ಆಗ ತಾರಾಬಾಯಿ ಅತ್ತಳು. ನಲವತ್ತೊಂದು ದಿನ ಹೊರಬಾರದಿದ್ದ ಅಳು ಅದು. ಮೇಘಾ ಮುಖ ತಿರುಗಿಸಿ ಅಂಗಳದ ಕಡೆ ನೋಡುತ್ತ ಕೂತಳು.

ಅತ್ತು ಮುಗಿದ ಮೇಲೆ ತಾರಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. “ನಿನ್ನ ಏನ್ ಮಾಡಬೇಕೋ ನನಗ ತಿಳೀವಲ್ದು ಮುತ್ತಪ್ಪಾ. ಅದು ನಾಳೆ. ಇವತ್ತ ನಾ ಸಂಜಿ ಊಟಾ ಮಾಡ್ತೀನಿ. ಜಿನೇಶನೂ ಬರತಾನ. ಮೊಮ್ಮಗಳು ಅನುಜಾನ ಕರಕೊಂಡು ದವಾಖಾನಿಗೆ ಹೋಗ್ಯಾನ, ಐದೂವರಿಗೆ ಬೆಳಗಾವಿ ಬಿಡತೀನಿ, ಹೊತ್ತ ಮುಳಗೂದ್ರಾಗ ಬರತೀನಿ ಅಂತ ಹೇಳ್ಯಾನ.”

“ಬಸ್ಸಿನಾಗ ಅಲ್ರೀ?” ಮುತ್ತಪ್ಪ ತಲೆ ಎತ್ತಿದ.

“ಇಷ್ಟ ದಿನಾ ಬಸ್ಸಿನಾಗ ಓಡ್ಯಾಡಿದ. ತಂದಿ ಹೋದಾಗಿಂದ ಗಾಡಿ ಮುಟ್ಟಿದ್ದಿಲ್ಲ. ಇವತ್ತ ನಾನ ಹೇಳಿದೆ, ಕೂಸಿಗೆ ಜ್ವರಾ ಐತಿ, ಬಸ್ಸಿನಾಗ ಬ್ಯಾಡ, ಗಾಡಿ ತಗಿ ಅಂತ.”

ಮುತ್ತಪ್ಪ ದಡಕ್ಕನೆ ಎದ್ದ. ಅಪ್ಪ-ಮಗ ಒಂದೇ ದಿನ ತಂದ ಎರಡು ಬಿಳಿ ಕಾರುಗಳು. ಜಿನೇಶನದು ಇಷ್ಟು ದಿನ ಮನೆಯ ಹಿಂದೆ ಹೊದಿಕೆಯ ಕೆಳಗೆ ಬಿದ್ದಿತ್ತು, ಅದನ್ನು ಮುತ್ತಪ್ಪ ಮರೆತೇಬಿಟ್ಟಿದ್ದ.

“ಮೇಘಕ್ಕಾ,” ಅಂದ. “ಅಣ್ಣಾರ ಗಾಡಿ ಆದ ಮರುವಾರ ಜಿನೇಶನ ಗಾಜೂ ಬದಲಿ ಆತು. ಅದನ್ನೂ ಅದ ಸೀರಿ ಮುಂದ ನಿಲ್ಲಿಸೀನಿ.”

ಮೇಘಾ ಗಡಿಯಾರ ನೋಡಿದಳು. ಆರಕ್ಕೆ ಐದು ನಿಮಿಷ. ಈಗ ಅವನು ಮಚ್ಛೆ ದಾಟಿರುತ್ತಾನೆ. ಸೂರ್ಯ ನೆಟ್ಟಗೆ ಕಣ್ಣಿಗೆ. ಅವಳು ಜಿನೇಶನ ನಂಬರು ಒತ್ತಿದಳು. ರಿಂಗಾಯಿತು, ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಒತ್ತಿದಳು. ಮತ್ತೆ ನಿಂತಿತು.

“ಎತ್ತೂದಿಲ್ಲ,” ಅಂದಳು ತಾರಾಬಾಯಿ. “ಗಾಡಿ ಹೊಡಿಯೂವಾಗ ಅಂವಾ ಯಾರ ಫೋನೂ ಎತ್ತೂದಿಲ್ಲ. ನಂದೊಂದ ಎತ್ತತಾನ.”

ಆಕೆ ಎದ್ದು ಗೂಡಿನ ಹತ್ತಿರ ಹೋದಳು. ವಸ್ತ್ರ ಸರಿಸಿದಳು. ಫೋನು ಕೈಗೆ ತೆಗೆದುಕೊಂಡಳು. ಮಗನ ಹೆಸರಿನ ಮೇಲೆ ಬೆರಳು ನಿಂತಿತು, ಒತ್ತಲಿಲ್ಲ.

“ಮಾಡಿದ್ರ ಎತ್ತಾಕ ಕೆಳಗ ನೋಡತಾನ. ಆ ಗಳಿಗ್ಯಾಗ ಮುಂದ ಏನರ ಇದ್ರ?” ಆಕೆ ಮುತ್ತಪ್ಪನ ಕಡೆ ತಿರುಗಿದಳು. “ಮಾಡದ ಹೋದ್ರ ಅಂವಾ ಆ ಗಾಡಿ ನಂಬಕೊಂಡು ಬರತಾನ. ಗಾಡಿ ವಿಷಯ ಎಲ್ಲಾ ಬಲ್ಲಾಂವ ನೀನ ಅಲ್ಲೇನೋ. ಹೇಳು. ಮಾಡ್ಲ್ಯಾ, ಬ್ಯಾಡಾ?”

ಮುತ್ತಪ್ಪ ಬಾಯಿ ತೆರೆದ. ಮೇಘಾ ಅವನನ್ನೇ ನೋಡುತ್ತಿದ್ದಳು. ಒಳಗಿನಿಂದ ಸೊಸೆಯೂ ಬಂದು ಬಾಗಿಲಲ್ಲಿ ನಿಂತಿದ್ದಳು.

“ಗೊತ್ತಿಲ್ರಿ ವೈನಿ,” ಅಂದ. “ಖರೇನ... ನನಗ ಗೊತ್ತಿಲ್ಲ.”